ಕ್ರಾಫ್ಟ್ ಹೇಳಿಕೊಡೋದಾ, ಮಕ್ಕಳ ಕೈಗೇ ಬಿಡೋದಾ? ಎರಡೂ ಮಾಡಿ ನೋಡಿದ್ಮೇಲೆ

ಶಿರಸಿಯ ನಮ್ಮ ಶಿಶುವಿಹಾರದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿದಾರೆ. ಕ್ರಾಫ್ಟಿಗೆ ಮೂರು ದಾರಿ ಟ್ರೈ ಮಾಡಿದೀನಿ, ಯಾವುದು ಯಾರಿಗೆ ಸರಿ ಅಂತ ಈಗ ಧೈರ್ಯವಾಗಿ ಹೇಳ್ಬಹುದು.

ಮೊದಲನೇದು ಎಲ್ಲ ಕಡೆ ನಡೆಯೋದೇ. ಮೀನಿನ ಪ್ರಿಂಟ್ ಕೊಟ್ಟು ಗೆರೆ ಮೇಲೆ ಕತ್ತರಿಸು, ಕಣ್ಣು ಇಲ್ಲಿ ಅಂಟಿಸು ಅನ್ನೋದು. ಕತ್ತರಿ ಅಭ್ಯಾಸಕ್ಕೆ ಒಳ್ಳೇದೇ. ಆದ್ರೆ ಮೂರು ವರ್ಷದವ್ರು ಕಾಗದದ ಅಂಚನ್ನ ಚೂರು ಚೂರು ಮಾಡ್ತಾರೆ ಅಷ್ಟೇ, ನಾಲ್ಕರ ಸುಮಾರಿಗೆ ನೇರ ಗೆರೆ ಬರ್ತದೆ, ದುಂಡಗೆ ಕತ್ತರಿಸೋದು ಇನ್ನೂ ಆಮೇಲೆ, ಹಾಗಿರುವಾಗ ಮೀನಿನ ಬಾಲ ಎಲ್ಲಿ ಆಗ್ತದೆ ಹೇಳಿ, ಕೊನೆಗೆ ಅಕ್ಕೋರೇ ಕತ್ತರಿಸಿ ಅಕ್ಕೋರೇ ಅಂಟಿಸಿ ಮಗು ಹೆಸರು ಬರೆದು ಗೋಡೆಗೆ ಹಾಕೋದು. ಸಾಲಾಗಿ ಒಂದೇ ಥರದ ಮೀನು. ಮಗುಗೆ ತನ್ನದು ಯಾವ್ದು ಅಂತ ಗುರ್ತೇ ಸಿಗಲ್ಲ, ನಂಗೆ ತುಂಬಾ ಬೇಜಾರಾಗೋದು ಅದಕ್ಕೇ.

ಎರಡನೇದು, ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದಲ್ಲಿರೋ ಅಗಲ ಪಟ್ಟೆ), ಮಾವಿನೆಲೆ, ಕೆಮ್ಮಣ್ಣು, ಹುಣಸೆ ಬೀಜ ಎಲ್ಲ ಮುಂದಿಟ್ಟು ಏನ್ ಬೇಕಾದ್ರೂ ಮಾಡಿ ಅನ್ನೋದು. ಚಿಕ್ಕವರಿಗೆ ಇದೇ ಬೆಸ್ಟು, ಮಣ್ಣು ಕಲಸ್ತಾರೆ, ಸುರೀತಾರೆ, ಅಷ್ಟೇ ಸಾಕು. ಐದು ವರ್ಷದವ್ರಿಗೆ ಸಾಕಾಗಲ್ಲ. ಅವ್ರ ತಲೇಲಿ ಏನೋ ಒಂದು ಇರ್ತದೆ, ಕೈಗೆ ಬರಲ್ಲ. ಒಂದು ಹುಡುಗಿ ಅಡಿಕೆ ಹಾಳೆ ದೋಣಿ ಮಾಡೋಕೆ ಹೋದ್ಲು, ಒಣ ಹಾಳೆ ಮಡಚಿದ ಕೂಡ್ಲೆ ಸೀಳಿ ಹೋಯ್ತು, ಇನ್ನೊಂದು ತಗೊಂಡ್ಲು ಅದೂ ಸೀಳ್ತು, ಬಿಕ್ಕಿ ಬಿಕ್ಕಿ ಅತ್ತಳು.

ಮೂರನೇದು ಹುಟ್ಟಿದ್ದು ಅದರಿಂದಲೇ. ಕೈಚಳಕ ಒಂದನ್ನ ಹೇಳಿಕೊಡೋದು, ಏನು ಮಾಡ್ಬೇಕು ಅಂತ ಹೇಳದೇ ಇರೋದು. ಹಾಳೆ ನೀರಲ್ಲಿ ನೆನೆಸಿದ್ರೆ ಮೆತ್ತಗಾಗಿ ಮಡಚ್ತದೆ, ತೂತಿಗೆ ದಾರ ಹೀಗೆ ಪೋಣಿಸೋದು, ಇಷ್ಟು ತೋರಿಸಿ ನನ್ನ ಸ್ಯಾಂಪಲ್ ಒಳಗಿಟ್ಟುಬಿಡ್ತೀನಿ, ಎದುರಿಗಿದ್ರೆ ಎಲ್ಲರೂ ಅದನ್ನೇ ಮಾಡ್ತಾರೆ. ಅದೇ ಹುಡುಗಿ ದೋಣಿ ಎರಡೂ ತುದಿ ದಾರದಲ್ಲಿ ಬಿಗಿದು, ಹುಣಸೆ ಬೀಜಗಳನ್ನ ಜನ ಅಂತ ಕೂರಿಸಿ, ಒಂದು ದಪ್ಪ ಬೀಜ ತೋರಿಸಿ "ಅಕ್ಕೋರೇ, ಇದು ಆಯಿ" ಅಂದ್ಲು! ಆಯಿ ಅಂದ್ರೆ ನಮ್ಮ ಕಡೆ ಅಮ್ಮ.

ನಮ್ಮ ಶಿರಸಿ, ಸಾಗರ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯೋ ಹಸೆ ಚಿತ್ತಾರ ಇದೆಯಲ್ಲ, ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಅಲ್ಲೂ ಮೊದಲು ಗೆರೆ ಎಳೆಯೋದು ಕೈಗೆ ಹತ್ತಬೇಕು. ಜರ್ಮನಿಯಲ್ಲಿ 1837ರಲ್ಲಿ ಮಕ್ಕಳ ಶಾಲೆ ಶುರು ಮಾಡಿದ ಫ್ರೋಬೆಲ್ ಕೂಡ ಕಾಗದ ಮಡಚೋದು, ಹೆಣೆಯೋದನ್ನ ಹಂತಹಂತವಾಗಿ ಕಲಿಸ್ತಿದ್ದ. ಕಲಿಸೋದೇ ತಪ್ಪು ಅನ್ನೋರ ಮಾತು ನಾನು ಒಪ್ಪಲ್ಲ.

ಕಷ್ಟ ಅಂದ್ರೆ ಟೈಮು. ಒಂದು ಸಲಕ್ಕೆ ಐದಾರು ಮಕ್ಕಳಿಗಿಂತ ಜಾಸ್ತಿ ಆದ್ರೆ ನೋಡ್ಕೊಳ್ಳೋಕಾಗಲ್ಲ, ಉಳಿದವರನ್ನ ಆಯಾ ಆಟ ಆಡಿಸ್ತಿರಬೇಕು. ಹಾಗಾಗಿ ಮೂರು ವರ್ಷದವ್ರಿಗೆ ಎರಡನೇದು, ನಾಲ್ಕು ದಾಟಿದವ್ರಿಗೆ ಮೂರನೇದು, ಪ್ರಿಂಟ್ ಶೀಟು ಬರೀ ಕತ್ತರಿ ಕಲಿಯೋಕೆ, ಅದೂ ನೇರ ಗೆರೆದು. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬರ್ತದೆ, ಆವಾಗ ಹಳೇ ಪೇಪರ್ ಹರಿದು ಅಂಟಿಸೋದು ಮಾಡಿಸ್ತೀವಿ.