ಪೋಸ್ಟ್‌ಪೇಯ್ಡ್ ಸಂಪರ್ಕ, ವರ್ಷಗಟ್ಟಲೆ ಬಳಸಿದ ಮೇಲೆ: ಬಿಲ್ಲಿನ ತಕರಾರು, ಕರಾರಿನಿಂದ ಬಿಡುಗಡೆ

ಪೋಸ್ಟ್‌ಪೇಯ್ಡ್ ಸೇವೆಯ ಸಿಗ್ನಲ್, ವೇಗ ಇವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ದೀರ್ಘಕಾಲ ಬಳಸಿದವರನ್ನು ನಿಜವಾಗಿ ಕಾಡುವುದು ಬಿಲ್ಲು. ಒಟ್ಟು ಮೊತ್ತ ಹಿಡಿದುಕೊಂಡು ಜಗಳವಾಡಿದರೆ ಏನೂ ಸಿಗುವುದಿಲ್ಲ, ಒಂದೊಂದು ಸಾಲನ್ನೇ ಹಿಡಿದು ಕೇಳಬೇಕು.

ಪ್ಲ್ಯಾನಿನ ಬಾಡಿಗೆಯನ್ನು (ತಿಂಗಳ ಸ್ಥಿರ ಶುಲ್ಕ) ಮುಂಗಡವಾಗಿಯೂ ಬಳಕೆಯನ್ನು ಆಮೇಲೂ ಲೆಕ್ಕ ಹಾಕುವುದು ಸಾಮಾನ್ಯ ಪದ್ಧತಿ. ಆದ್ದರಿಂದ ತಿಂಗಳ ಮಧ್ಯೆ ಸೇರಿದವರ ಮೊದಲ ಬಿಲ್ಲಿನಲ್ಲಿ ಉಳಿದ ದಿನಗಳ ಬಾಡಿಗೆಯ ಜೊತೆ ಮುಂದಿನ ಪೂರ್ತಿ ತಿಂಗಳದ್ದೂ ಇರುತ್ತದೆ. ಅದು ತಪ್ಪಲ್ಲ. ತೊಂದರೆ ಬರುವುದು ಮಧ್ಯದಲ್ಲಿ ಪ್ಲ್ಯಾನ್ ಬದಲಿಸಿದಾಗ. ಬಾಡಿಗೆಯಂತೆ ಡೇಟಾವನ್ನೂ ದಿನದ ಲೆಕ್ಕದಲ್ಲಿ ಹಂಚುವ ಕಂಪನಿಗಳಿವೆ: 30 ದಿನದ ಬಿಲ್ಲಿನಲ್ಲಿ 20 ದಿನ ಕಳೆದ ಮೇಲೆ 30 ಜಿಬಿ ಪ್ಲ್ಯಾನ್‌ಗೆ ಹೋದರೆ ಕೈಗೆ ಸಿಗುವುದು 10 ಜಿಬಿ. ಮಿಕ್ಕಿದ್ದಕ್ಕೆಲ್ಲ ಹೆಚ್ಚುವರಿ ದರ. ಬದಲಾವಣೆ ಮುಂದಿನ ಬಿಲ್ಲಿನ ದಿನಾಂಕದಿಂದ ಜಾರಿಯಾಗಲಿ ಎಂದು ಬರೆದೇ ಕೇಳಿ.

ಎಸ್ಸೆಮ್ಮೆಸ್ ಸಂಖ್ಯೆ ಹೆಚ್ಚಾಗಿ ಕಂಡರೆ ಕನ್ನಡದಲ್ಲಿ ಕಳಿಸಿದವುಗಳನ್ನು ನೋಡಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ ಮಾತ್ರ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ದಲ್ಲಿ ಕ, ಅರ್ಧಾಕ್ಷರದ ಚಿಹ್ನೆ, ಷ ಎಂಬ ಮೂರು ಸಂಕೇತಗಳಿವೆ. 70 ದಾಟಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಒಂದೊಂದು ತುಂಡಿಗೂ ಒಂದೊಂದು ಶುಲ್ಕ ಬೀಳಬಹುದು. ವಿದೇಶಕ್ಕೆ ಕಳಿಸುವಾಗ ಇದು ಸಣ್ಣ ಮೊತ್ತವಲ್ಲ.

ರೋಮಿಂಗ್‌ನಲ್ಲಿ ಹಲವರಿಗೆ ಅರ್ಥವಾಗದ ಸಾಲು ಎತ್ತದೇ ಬಿಟ್ಟ ಕರೆಯದ್ದು. ಕರೆ ವಿದೇಶದ ನೆಟ್‌ವರ್ಕ್‌ಗೆ ಬಂದು, ಯಾರೂ ಎತ್ತದೆ, ತಾಯ್ನಾಡಿನ ವಾಯ್ಸ್‌ಮೇಲ್‌ಗೆ ವಾಪಸು ತಿರುಗುತ್ತದೆ. ಬಂದ ದಾರಿಗೊಂದು, ಹೋದ ದಾರಿಗೊಂದು ಶುಲ್ಕ ಬೀಳುವುದುಂಟು. ಹೊರಡುವ ಮುಂಚೆ ##002# ಒತ್ತಿ ಡಯಲ್ ಮಾಡಿದರೆ ಜಿಎಸ್‌ಎಂ ಜಾಲಗಳಲ್ಲಿ ಎಲ್ಲ ಫಾರ್ವರ್ಡಿಂಗೂ (ಕರೆಯನ್ನು ಬೇರೆಡೆಗೆ ತಿರುಗಿಸುವ ವ್ಯವಸ್ಥೆ) ರದ್ದಾಗುತ್ತದೆ. ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗುವಂತಿದೆ ಎಂದು *#62# ತೋರಿಸುತ್ತದೆ. ರೋಮಿಂಗ್ ಲೆಕ್ಕ ಆ ದೇಶದ ಕಂಪನಿಯಿಂದ ತಡವಾಗಿಯೂ ಬರುವುದರಿಂದ, ಊರಿಗೆ ಮರಳಿದ ಮೇಲಿನ ಎರಡನೆಯ ಬಿಲ್ಲನ್ನೂ ಬಿಡದೆ ನೋಡಿ.

ಆಟ, ರಿಂಗ್‌ಟೋನ್, ವಿಡಿಯೊ ಚಂದಾ ಮುಂತಾದ ಹೊರಗಿನವರ ಶುಲ್ಕಕ್ಕೆ ‘ಅನ್‌ಸಬ್‌ಸ್ಕ್ರೈಬ್’ ಮಾತ್ರ ಸಾಲದು. ಫೋನ್ ಬಿಲ್ಲಿನ ಮೂಲಕ ಹಣ ಕಟ್ಟುವ ಸೌಲಭ್ಯವನ್ನೇ ಮುಚ್ಚಿಸಬೇಕು. ಕಾಲ್‌ಸೆಂಟರಿನವರು ‘ಈ ಸಲಕ್ಕೆ’ ಎಂದು ಕೊಡುವ ರಿಯಾಯಿತಿ ತೆಗೆದುಕೊಳ್ಳಿ, ಆದರೆ ಬೇರು ಉಳಿದಿದ್ದರೆ ಮುಂದಿನ ತಿಂಗಳು ಅದೇ ಸಾಲು ಮತ್ತೆ ಬರುತ್ತದೆ.

ತಕರಾರಿಗೆ ವಿವರವಾದ ಬಿಲ್ಲು ಇಳಿಸಿಕೊಂಡು ದಿನಾಂಕ, ಸಮಯ, ನಂಬರು, ಮೊತ್ತ ಇವಿಷ್ಟನ್ನು ಬರೆದು ಕಳಿಸಿ, ದೂರಿನ ಸಂಖ್ಯೆ ಪಡೆಯಿರಿ. ತೆರಿಗೆ ಸಮೇತ ಶುಲ್ಕ ವಾಪಸು ಬೇಕು, ತೀರ್ಮಾನವಾಗುವ ತನಕ ಆ ಮೊತ್ತಕ್ಕೆ ದಂಡ ಹಾಕಬಾರದು, ಸಂಪರ್ಕ ಕಡಿಯಬಾರದು ಎಂದು ಸ್ಪಷ್ಟವಾಗಿ ಕೇಳಿ. ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಿಬಿಡಿ. ಪೂರ್ತಿ ನಿಲ್ಲಿಸಿದರೆ ನೀವೇ ಬಾಕಿದಾರರಾಗುತ್ತೀರಿ. ಆಟೊ‌ಪೇ ಇದ್ದರೆ ಅದು ಒಟ್ಟು ಮೊತ್ತವನ್ನೇ ಎಳೆಯುತ್ತದೆ, ಗಡುವಿಗೆ ಕೆಲವು ದಿನ ಮೊದಲೇ ನಿಲ್ಲಿಸಿ. ಡೇಟಾ ತಕರಾರಿಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಲೆಕ್ಕ ನೆರವಾಗುತ್ತದೆ, ಅದರ ಆರಂಭದ ದಿನವನ್ನು ಬಿಲ್ಲಿನ ದಿನಕ್ಕೆ ಹೊಂದಿಸಿಟ್ಟಿದ್ದರೆ ಮಾತ್ರ. ಎರಡು ಲೆಕ್ಕಗಳು ಅಚ್ಚುಕಟ್ಟಾಗಿ ಕೂಡುವುದಿಲ್ಲ. ಅಲ್ಪಸ್ವಲ್ಪ ವ್ಯತ್ಯಾಸವನ್ನು ಸಾಕ್ಷಿಯೆಂದು ಮುಂದಿಡಬೇಡಿ.

ಕರಾರು ಬಿಡುವಾಗ ಎರಡು ಲೆಕ್ಕಗಳನ್ನು ಬೇರೆ ಇಡಬೇಕು: ಸೇವೆಯ ಕನಿಷ್ಠ ಅವಧಿ ಒಂದು, ಹ್ಯಾಂಡ್‌ಸೆಟ್ಟಿನ ಕಂತು ಇನ್ನೊಂದು. ಅವಧಿಗೆ ಮುಂಚೆ ಬಿಡುವುದಕ್ಕೆ ಹಾಕುವ ಬಿಡುಗಡೆ ಶುಲ್ಕ ಮನ್ನಾ ಆಯಿತೆಂದರೆ ಕಂತೂ ಮನ್ನಾ ಆದಂತಲ್ಲ. ಎರಡನ್ನೂ ಬಿಡಿಬಿಡಿಯಾಗಿ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳುವ ‘ವಿಶೇಷ ರಿಯಾಯಿತಿ’ಗೆ ಹೂಂ ಅನ್ನುವ ಮುಂಚೆ ಅವಧಿ ಹೊಸದಾಗಿ ಶುರುವಾಗುತ್ತದೆಯೇ ಎಂದು ಕೇಳಲೇಬೇಕು. ಕಂಪನಿ ದರ ಏರಿಸಿದರೆ ಶುಲ್ಕವಿಲ್ಲದೆ ಹೊರಬರುವ ಹಕ್ಕು ಹಲವು ದೇಶಗಳಲ್ಲಿದೆ. ಆ ಅವಕಾಶಕ್ಕೆ ಗಡುವಿರುವುದರಿಂದ ದರ ಏರಿಕೆಯ ಸೂಚನೆಯನ್ನು ಅಳಿಸದೆ ಇಟ್ಟುಕೊಳ್ಳಿ.

ನಂಬರು ಉಳಿಯಬೇಕೆಂದರೆ ಹಳೆಯ ಸಂಪರ್ಕವನ್ನು ಮೊದಲು ರದ್ದು ಮಾಡಬೇಡಿ. ರದ್ದಾದ ನಂಬರನ್ನು ಪೋರ್ಟ್ ಮಾಡಲು, ಅಂದರೆ ಬೇರೆ ಕಂಪನಿಗೆ ವರ್ಗಾಯಿಸಲು, ಆಗದೇ ಹೋಗಬಹುದು. ಹಳೆಯ ಬಿಲ್ಲುಗಳನ್ನು ಇಳಿಸಿಕೊಂಡು, ಫೋನ್ ಹಳೆಯ ಕಂಪನಿಯ ಸಿಮ್‌ಗೆ ಮಾತ್ರ ಲಾಕ್ ಆಗಿದ್ದರೆ ಬಿಡಿಸಿಕೊಂಡು, ಆಮೇಲೆ ಪೋರ್ಟ್‌ಗೆ ಹಾಕಿ. ಪೋರ್ಟ್ ಮುಗಿದು ಹೊಸ ಸಿಮ್‌ನಲ್ಲಿ ಕರೆ ಬರುವ ತನಕ ಹಳೆಯ ಇ-ಸಿಮ್ ಅಳಿಸಬೇಡಿ. ಅದೇ ಖಾತೆಯಲ್ಲಿರುವ ಕೈಗಡಿಯಾರದ ಸಂಪರ್ಕ, ಮನೆಯ ಬ್ರಾಡ್‌ಬ್ಯಾಂಡ್ ಇವು ತಾವಾಗಿ ನಿಲ್ಲುತ್ತವೆ ಎಂದು ನಂಬಬೇಡಿ, ಪ್ರತ್ಯೇಕ ಅರ್ಜಿ ಕೊಡಿ. ಕೊನೆಯ ಬಿಲ್ಲು ಸೊನ್ನೆಯಾಗಿ, ಠೇವಣಿ ಕೈ ಸೇರಿ, ಬಾಕಿಯಿಲ್ಲವೆಂಬ ಪತ್ರ ಬಂದ ಮೇಲೆ ಬ್ಯಾಂಕಿನಲ್ಲಿರುವ ಆಟೊ‌ಪೇ ಅನುಮತಿಯನ್ನೂ ತೆಗೆಸಿಹಾಕಿ.