ಪಣಂಬೂರು–ಪೆರ್ಮುದೆ–ಪಾದೂರು ತೈಲ ವ್ಯವಸ್ಥೆ: ಹಡಗು ತಪ್ಪಿದರೆ ಎಷ್ಟು ದಿನ ತಾಳುತ್ತದೆ?

ಪರ್ಷಿಯನ್ ಕೊಲ್ಲಿಯ ಎಣ್ಣೆ ಹೊರಬರುವ ಹಾರ್ಮುಜ್ ಜಲಸಂಧಿಯ ಸುದ್ದಿ ಬಂದಾಗಲೆಲ್ಲ ‘ದೇಶದಲ್ಲಿ ಒಂಬತ್ತೂವರೆ ದಿನದ ತುರ್ತು ದಾಸ್ತಾನು ಇದೆ’ ಅನ್ನುವ ಮಾತು ಓಡಾಡುತ್ತದೆ. ಕಚ್ಚಾತೈಲ ಕೂಡಿಡುವ ನೆಲದಡಿಯ ಬಂಡೆಗುಹೆಗಳ ಸಾಮರ್ಥ್ಯ, ಅಂದರೆ ವಿಶಾಖಪಟ್ಟಣದ 13.3 ಲಕ್ಷ ಟನ್, ಮಂಗಳೂರಿನ (ಪೆರ್ಮುದೆ) 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನ 25 ಲಕ್ಷ ಕೂಡಿಸಿ ಇಡೀ ದೇಶದ ಬಳಕೆಯಿಂದ ಭಾಗಿಸಿದ ಲೆಕ್ಕ ಅದು. ತಪ್ಪಲ್ಲ. ಆದರೆ ನಮ್ಮ ಕರಾವಳಿಯ ವ್ಯವಸ್ಥೆ ಎಷ್ಟು ಗಟ್ಟಿ ಎಂದು ಅದರಿಂದ ಗೊತ್ತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಕಡೆಯ ಎಣ್ಣೆ ನಿಂತರೆ, ಇನ್ನೊಂದು ಕಡೆಯಿಂದ ಹೊರಟ ಹಡಗು ಇಲ್ಲಿ ಹಗ್ಗ ಕಟ್ಟುವ ತನಕ ಮಂಗಳೂರಿನ ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್ ರಿಫೈನರಿ ನಡೆಯುತ್ತದೆಯೇ?

ಪರ್ಷಿಯನ್ ಕೊಲ್ಲಿಯಿಂದ ಮಂಗಳೂರಿಗೆ ನಾಲ್ಕೈದು ದಿನದ ದಾರಿ. ಪಶ್ಚಿಮ ಆಫ್ರಿಕದಿಂದ ಗುಡ್ ಹೋಪ್ ಭೂಶಿರ ಸುತ್ತಿ ಬಂದರೆ ಮೂರು ವಾರ ಮೀರುತ್ತದೆ, ಮೆಕ್ಸಿಕೊ ಕೊಲ್ಲಿಯಿಂದ ಐದಾರು ವಾರ. ಖರೀದಿ, ಹಡಗು ಗೊತ್ತುಮಾಡುವುದು, ಲೋಡಿಂಗ್ ಸರದಿ ಎಂದು ಮೇಲೆ ಹತ್ತು ದಿನವಾದರೂ ಹಿಡಿಯಿರಿ. ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 150 ಲಕ್ಷ ಟನ್, ದಿನಕ್ಕೆ ಸುಮಾರು 41 ಸಾವಿರ. ಪೆರ್ಮುದೆಯ ಗುಹೆಗಳು ಪೂರ್ತಿ ತುಂಬಿದ್ದರೆ ಅದೊಂದೇ ರಿಫೈನರಿಗೆ 36 ದಿನ. ಪಾದೂರನ್ನೂ ಸೇರಿಸಿದರೆ 97. ಆಫ್ರಿಕದ ಹಡಗು ಬರುವಷ್ಟು ಹೊತ್ತು ಪೆರ್ಮುದೆ ಒಂದೇ ಸಾಕು, ಅಮೆರಿಕದ ಹಡಗಿಗೆ ಪಾದೂರು ಬೇಕೇ ಬೇಕು. ಹಾರ್ಮುಜ್ ತಪ್ಪಿಸಿ ಬರುವ ಪೈಪ್‌ಲೈನ್‌ಗಳೂ ಇವೆ. ಯುಎಇಯ ಫುಜೈರಾ ಬಂದರಿನದ್ದು ನಮಗೆ ನೇರ, ಆದರೆ ಅದರ ಸಾಮರ್ಥ್ಯ ದಿನಕ್ಕೆ ಸುಮಾರು 15 ಲಕ್ಷ ಬ್ಯಾರೆಲ್ ಮಾತ್ರ. ಸೌದಿಯ ಪೈಪ್ ದೊಡ್ಡದು. ಅದು ಮುಟ್ಟುವುದು ಕೆಂಪು ಸಮುದ್ರದ ಯಾನ್ಬುವನ್ನು, ಅಲ್ಲಿಂದ ನಮ್ಮ ಕಡೆಗೆ ಬರಲು ಬಾಬ್ ಎಲ್ ಮಂದೆಬ್ ದಾಟಬೇಕು. 2023ರ ನವೆಂಬರ್‌ನಿಂದ ಹಡಗುಗಳ ಮೇಲೆ ದಾಳಿ ಶುರುವಾದದ್ದು ಅದೇ ದಾರಿಯಲ್ಲಿ.

ದಾಸ್ತಾನಿಗೆ ಹತ್ತಕ್ಕೆ ಎಂಟು ಕೊಡಬಹುದು. ಎರಡು ಅಂಕ ಕಡಿತಕ್ಕೆ ಕಾರಣ ಉಂಟು. ಈ ಎಣ್ಣೆ ಇಡೀ ದೇಶದ್ದು, ಎಂಆರ್‌ಪಿಎಲ್‌ನ ಸ್ವಂತ ಟ್ಯಾಂಕ್ ಅಲ್ಲ. ಪೆರ್ಮುದೆಯ ಅರ್ಧಭಾಗವನ್ನು ಅಬುಧಾಬಿಯ ಸರ್ಕಾರಿ ತೈಲ ಕಂಪನಿ ಅಡ್ನಾಕ್ ಬಾಡಿಗೆಗೆ ಪಡೆದಿದೆ. ತುರ್ತಿನಲ್ಲಿ ಮೊದಲ ಹಕ್ಕು ಭಾರತದ್ದೇ, ಆದರೂ ಗುಹೆ ಯಾವತ್ತೂ ತುಂಬಿಯೇ ಇರುತ್ತದೆ ಎಂದು ನಂಬುವ ಹಾಗಿಲ್ಲ. ತುಂಬುವ ಹೊತ್ತು ಆರಿಸಿಕೊಂಡದ್ದು ಮಾತ್ರ ಮೆಚ್ಚಬೇಕಾದ್ದು: 2020ರ ಏಪ್ರಿಲ್–ಮೇನಲ್ಲಿ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ಗೆ ಕೊಂಡು ಮೂರೂ ಕಡೆ ತುಂಬಿದರು.

ಎಡವುವುದು ಇಳಿಸುವ ಕಡೆ. ದೊಡ್ಡ ಹಡಗು, ಅಂದರೆ ಸುಮಾರು 2.7 ಲಕ್ಷ ಟನ್ ಹೊರುವ ವಿಎಲ್‌ಸಿಸಿ, ಲೋಡ್ ಆದಾಗ ನೀರಿನೊಳಗೆ 20 ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಪಣಂಬೂರು ಬಂದರಿನ ಜೆಟ್ಟಿಯಲ್ಲಿ ಸಿಗುವ ಆಳ 14 ಮೀಟರಿನ ಆಸುಪಾಸು. ಹಾಗಾಗಿ ಅದು ಕಡಲಿನಲ್ಲೇ, 2013ರಿಂದ ಇರುವ ಎಸ್‌ಪಿಎಂ ಬೋಯಾಗೆ (ಕಡಲತಳಕ್ಕೆ ಬಿಗಿದು ತೇಲಿಬಿಟ್ಟ, ಹಡಗು ಕಟ್ಟುವ ಕಟ್ಟೆ) ಮೂತಿ ಕಟ್ಟಿಕೊಂಡು, ತೇಲುವ ಹೋಸ್ ಮೂಲಕ ಎಣ್ಣೆ ಬಿಡುತ್ತದೆ. ಹಡಗು ಗಾಳಿ, ಪ್ರವಾಹಕ್ಕೆ ತಕ್ಕಂತೆ ಬೋಯಾದ ಸುತ್ತ ತಿರುಗುತ್ತಲೇ ಇರುತ್ತದೆ. ಗಾಳಿ ಬಿದ್ದು ಬರೀ ಉಬ್ಬರದ ಅಲೆ ಉಳಿದಾಗ ಅದು ಮುಂದೆ ಜಾರಿ ಬೋಯಾಗೆ ಗುದ್ದಬಹುದು. ಅದಕ್ಕೇ ಹಿಂಬದಿಯಿಂದ ಒಂದು ಟಗ್ (ಎಳೆಯುವ ಸಣ್ಣ ಹಡಗು) ಸದಾ ಎಳೆದು ಹಿಡಿದಿರಬೇಕು. ಟಗ್ ಇಲ್ಲವೆಂದರೆ ಹಡಗು ಕಟ್ಟುವ ಮಾತೇ ಇಲ್ಲ. ಮಳೆಗಾಲದಲ್ಲಿ ಹೋಸ್ ಎತ್ತಿ ಜೋಡಿಸುವ ದೋಣಿಗೆ ಅಲೆ ಬಿಡುವು ಕೊಡದಿದ್ದರೆ ಹಡಗು ಲಂಗರು ಹಾಕಿ ಕಾಯುತ್ತದೆ, ಡೆಮರೇಜ್, ಅಂದರೆ ಹಡಗು ಕಾಯಿಸಿದ್ದಕ್ಕೆ ತೆರುವ ದಂಡ, ಏರುತ್ತದೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಎಸ್‌ಪಿಎಂ ಕೆಲಸಕ್ಕಿದ್ದ ಎರಡು ಟಗ್‌ಗಳ ಪೈಕಿ ಒಂದು ಮಗುಚಿತು. ಇನ್ನೊಂದು ಕಾಪು ಸಮೀಪದ ಕಡಲಬಂಡೆಗೆ ಸಿಕ್ಕಿ, ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆ, ಕರಾವಳಿ ಕಾವಲು ಪಡೆಯವರು ಪಾರುಮಾಡಬೇಕಾಯಿತು.

ಬೋಯಾ ಕೈಕೊಟ್ಟರೆ ಜೆಟ್ಟಿಯೇ ಗತಿ. ಒಂದು ವಿಎಲ್‌ಸಿಸಿಯ ಸರಕು ರಿಫೈನರಿಗೆ ಆರೂವರೆ ದಿನದ ಊಟ. ಅಷ್ಟನ್ನೇ ತರಲು ಜೆಟ್ಟಿಗೆ ಮೂರು ಹಡಗು ಬೇಕು. ಪೆರ್ಮುದೆ, ಪಾದೂರು, ರಿಫೈನರಿ ಮೂರಕ್ಕೂ ಇದೇ ಒಂದು ಬೋಯಾ. ಈ ಭಾಗಕ್ಕೆ ಐದು ಅಂಕ, ಅದೂ ಕಷ್ಟದಲ್ಲಿ.

ಗುಹೆಗಳ ಎಂಜಿನಿಯರಿಂಗ್ ಮಾತ್ರ ಅಚ್ಚುಕಟ್ಟು. ಒಳಗೆ ಉಕ್ಕಿನ ಹೊದಿಕೆ ಏನೂ ಇಲ್ಲ, ಬರೀ ಬಂಡೆ. ಮೇಲೆ ಸಣ್ಣ ಸುರಂಗ ಕೊರೆದು, ಅದರಿಂದ ಸಾಲು ಕೊಳವೆಗಳಲ್ಲಿ ನೀರು ಬಿಟ್ಟು ಸುತ್ತಲಿನ ಅಂತರ್ಜಲದ ಒತ್ತಡವನ್ನು ಎಣ್ಣೆಯ ಆವಿಗಿಂತ ಹೆಚ್ಚಿಡುತ್ತಾರೆ. ನೀರು ಒಳಗೆ ಜಿನುಗುತ್ತದೆ, ಎಣ್ಣೆ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರು ತಳದ ಹೊಂಡಕ್ಕೆ ಇಳಿಯುತ್ತದೆ, ಪಂಪ್ ಅದನ್ನು ಎತ್ತುತ್ತದೆ. ಬೇಗ ಹೆಪ್ಪುಗಟ್ಟುವ ಮೇಣದ ಕಚ್ಚಾತೈಲ ಇಲ್ಲಿಗೆ ಹೊಂದುವುದಿಲ್ಲ, ಬದಲಿ ಎಣ್ಣೆ ಆರಿಸುವಾಗ ಇದನ್ನು ಮರೆಯಬಾರದು. ಹೊರಗೆ ತೆಗೆಯುವುದೂ ಪಂಪಿನಿಂದಲೇ, ವಿದ್ಯುತ್ ಹೋದರೆ ಎಣ್ಣೆ ಇದ್ದೂ ಇಲ್ಲದ ಹಾಗೆ.

ನೀರಿನ ಮಾತು ಬಂದದ್ದರಿಂದ ಇನ್ನೊಂದು: 2019ರ ಬೇಸಿಗೆಯಲ್ಲಿ ಎಂಆರ್‌ಪಿಎಲ್ ಘಟಕಗಳು ನಿಂತದ್ದು ಯಾವ ಜಲಸಂಧಿಯಿಂದಲೂ ಅಲ್ಲ, ನೇತ್ರಾವತಿ ಬತ್ತಿದ್ದರಿಂದ. ಈಗ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಉಪ್ಪುನೀರು ಶುದ್ಧೀಕರಣ ಘಟಕ ಇದೆ. ಇದು ಒಳ್ಳೆಯ ಖರ್ಚು.

ಪಾದೂರು ಎರಡನೇ ಹಂತದ ಚರ್ಚೆಯೆಲ್ಲ ಹೊಸ 25 ಲಕ್ಷ ಟನ್ ಗುಹೆಯ ಸುತ್ತವೇ ಸುತ್ತುತ್ತದೆ. 2018ರಲ್ಲಿ ಸಂಪುಟ ಒಪ್ಪಿದ ಯೋಜನೆಯಲ್ಲಿ ಅದಕ್ಕೇ ಮೀಸಲಾದ ಎಸ್‌ಪಿಎಂ ಕೂಡ ಇದೆ, ನಮ್ಮ ಮಟ್ಟಿಗೆ ಬೆಲೆಯುಳ್ಳದ್ದು ಅದು. ಬೋಯಾ ಮೊದಲು ಇಳಿಯಲಿ, ಅದರ ಪೈಪನ್ನು ರಿಫೈನರಿಯ ಈಗಿನ ಲೈನಿಗೂ ಜೋಡಿಸುವ ವಾಲ್ವ್ ಇಡಲಿ. ಬರೀ ಪಾದೂರಿಗೆ ಹೋಗುವ ಎರಡನೇ ಬೋಯಾ ಇದ್ದರೆ, ಮೊದಲನೆಯದು ಕೆಟ್ಟ ದಿನ ಕುತ್ತೆತ್ತೂರಿಗೆ ಅದು ಉಪಯೋಗಕ್ಕೆ ಬಾರದು.