ಹಳೇ ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಸುವ ಮುಂಚೆ ಒಳಗೆ ಟಾರ್ಚ್ ಬಿಟ್ಟು ನೋಡಿ

ಹಳೇ ಯೆಜ್ಡಿ, ಜಾವಾ, ರಾಜದೂತ್ ಯಾವುದನ್ನಾದರೂ ಮನೆಯಲ್ಲೇ ರೆಡಿ ಮಾಡುತ್ತಿದ್ದರೆ ಇದನ್ನು ದಯವಿಟ್ಟು ಪೂರ್ತಿ ಓದಿ. ಟ್ಯಾಂಕ್ ಒಳಗಿನ ತುಕ್ಕು ತೆಗೆಯದೆ ಅದರ ಮೇಲೆ ಕೋಟಿಂಗ್ ಹೊಡೆಸಬೇಡಿ. ನಾನು ಹೊಡೆಸಿದೆ. ಹೈವೇಯಲ್ಲಿ ಇಂಜಿನ್ ಸೀಜ್ ಆಗಿ, ಅಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡು ನಿಂತು, ಬಿದ್ದೆವು. ನನ್ನ ಹೆಂಡತಿಯ ಕಾಲರ್ ಬೋನ್ ಮುರಿಯಿತು.

ಗಾಡಿ ಅಪ್ಪನದು. 1984ರ ಯೆಜ್ಡಿ ರೋಡ್‌ಕಿಂಗ್. ಅಪ್ಪ ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದರು. ತುಮಕೂರಿನಿಂದ ದಿನಾ ಅದರಲ್ಲೇ ಹೋಗಿ ಬರುತ್ತಿದ್ದರು. ಸಂಜೆ ಗಾಡಿ ತಿರುವಿಗೆ ಬಂದರೆ ಸಾಕು, ಸದ್ದು ಕೇಳಿ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪ ತೀರಿಕೊಂಡ ಮೇಲೆ ಗಾಡಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹದಿಮೂರು ವರ್ಷ ನಿಂತಿತ್ತು, ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ.

ಆ ಅರ್ಧ ಟ್ಯಾಂಕೇ ಮುಳುವಾಯಿತು. ಪೆಟ್ರೋಲ್ ಇರುವಷ್ಟು ಜಾಗ ಹೇಗೋ ಉಳಿಯುತ್ತದೆ. ಮೇಲಿನ ಖಾಲಿ ಜಾಗಕ್ಕೆ ಗಾಳಿಯ ತೇವ ತಾಗಿ, ರಾತ್ರಿ ತಂಪಿಗೆ ಬೆವರಿ, ತಗಡು ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಆರುತ್ತಾ ಹೋದ ಹಾಗೆ ತುಕ್ಕೂ ಕೆಳಗಿಳಿಯುತ್ತದೆ. ನಾನು ಮುಚ್ಚಳ ತೆಗೆದು ನೋಡಿದಾಗ ತಳದಲ್ಲಿ ಹಾಲು ಸೀದ ಪಾತ್ರೆಯ ಹಾಗೆ ಕಂದು ಅಂಟು. ಗೋಡೆಯೆಲ್ಲ ಪುಡಿ ಪುಡಿ ತುಕ್ಕು.

ಒಂದೂವರೆ ವರ್ಷ ಶನಿವಾರ, ಭಾನುವಾರ ಅದರ ಮೇಲೇ ಕೂತೆ. ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿದೆ, ಕ್ರ್ಯಾಂಕ್ ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕಿಸಿದೆ, ವೈರಿಂಗ್ ನಾನೇ ಎಳೆದೆ. ಅದೆಲ್ಲ ಸರಿಯಾಗಿಯೇ ಆಯಿತು. ಎಡವಿದ್ದು ಕೆಲಸದ ಅನುಕ್ರಮದಲ್ಲಿ. ಟ್ಯಾಂಕಿಗೆ ಮೊದಲು ಹೊರಗೆ ಬಣ್ಣ ಹೊಡೆಸಿದೆ. ಅಪ್ಪನ ಕಾಲದ ಅದೇ ಚೆರ್ರಿ ಕೆಂಪು, ಅದರ ಮೇಲೆ ಕೈಯಲ್ಲಿ ಎಳೆದ ಚಿನ್ನದ ಗೆರೆ. ಅಮ್ಮ ಬಂದು ಅದರ ಮೇಲೆ ಕೈಯಾಡಿಸಿ ಸುಮ್ಮನೆ ನಿಂತುಬಿಟ್ಟಳು. ಅದಾದ ಮೇಲೆ ಒಳಗಿನ ತುಕ್ಕಿಗೆ ಕೈ ಹಾಕಲು ಮನಸ್ಸೇ ಬರಲಿಲ್ಲ. ಒಂದು ತೊಟ್ಟು ಆಸಿಡ್ ಹೊರಗೆ ಚೆಲ್ಲಿದರೂ ಬಣ್ಣ ಹೋಗುತ್ತೆ ಅಲ್ವಾ?

ಪೇಂಟ್ ಮಾಡಿದವರನ್ನೇ ಕೇಳಿದೆ. "ತುಕ್ಕು ತೆಗೆಯೋದೇನೂ ಬೇಡ ಸಾರ್. ಒಳಗೆ ಒಂದು ಕೋಟಿಂಗ್ ಸುರಿದು ತಿರುಗಿಸಿಬಿಡ್ತೀನಿ. ತುಕ್ಕು ಅದರ ಹಿಂದೆ ಸಿಕ್ಕಾಕೊಳ್ಳುತ್ತೆ, ಜೀವನಪೂರ್ತಿ ತಲೆನೋವಿಲ್ಲ" ಅಂದರು. ನಾನು ಒಪ್ಪಿದೆ. ಎರಡು ದಿನ ಬಿಟ್ಟು ಟ್ಯಾಂಕ್ ಕೊಟ್ಟರು. ಒಳಗೆ ಟಾರ್ಚ್ ಬಿಟ್ಟರೆ ಗಾಜಿನ ಹಾಗೆ ಹೊಳೆಯುತ್ತಿತ್ತು.

ಮೂರು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಗಾಡಿ ಸೂಚನೆ ಕೊಡಲು ಶುರು ಮಾಡಿತು. ಊರೊಳಗೆ ಏನೂ ಇಲ್ಲ. ಥ್ರಾಟಲ್ ಪೂರ್ತಿ ತಿರುಗಿಸಿದರೆ ಮಾತ್ರ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಆಗಿ ಮತ್ತೆ ಎತ್ತಿಕೊಳ್ಳುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದೆ. ಕಾಫಿ ಪುಡಿಯ ಬಣ್ಣ ಇರಬೇಕಾದ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಜಾಸ್ತಿ ಬಿಸಿಯಾಗುತ್ತಿದೆ ಅಂತ ಅರ್ಥ. ಅದು ನನಗೆ ಗೊತ್ತಿತ್ತು. ಪ್ಲಗ್ ಬದಲಾಯಿಸಿ ಸುಮ್ಮನಾದೆ. ಇಡೀ ಕತೆಯಲ್ಲಿ ನನಗೆ ಈಗಲೂ ನಿದ್ದೆಗೆಡಿಸುವುದು ಇದೊಂದೇ.

2024ರ ಕಾರ್ತಿಕ ಸೋಮವಾರ, ಇಬ್ಬರೂ ಶಿವಗಂಗೆಗೆ ಹೊರಟೆವು. ಕ್ಯಾತ್ಸಂದ್ರ ಆಯಿತು, ಹಿರೇಹಳ್ಳಿ ದಾಟಿತು. ವೇಗ ಅರವತ್ತರ ಹತ್ತಿರ. ಎಡಗಡೆಯೇ ಹೋಗುತ್ತಿದ್ದೆ. ಇಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಬಿಗಿಯಾಯಿತು, ಕೀಂ ಅಂತ ಒಂದು ಎಳೆ. ಮುಂದಿನ ಕ್ಷಣ ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದೆ, ಆದರೆ ಅಷ್ಟರಲ್ಲಿ ಹಿಂಭಾಗ ಅಡ್ಡ ತಿರುಗಿತ್ತು. ನಾನು ಗಾಡಿಯ ಜೊತೆ ಜಾರಿದೆ. ಅವಳು ಭುಜದ ಮೇಲೆ ಬಿದ್ದಳು. ಇಬ್ಬರದೂ ಹೆಲ್ಮೆಟ್ ಇತ್ತು. ಹಿಂದೆ ಬರುತ್ತಿದ್ದ ಲಾರಿಯವರು ದೂರದಿಂದಲೇ ನೋಡಿ, ಬಲಕ್ಕೆ ಎಳೆದು ನಿಲ್ಲಿಸಿ, ಇಳಿದು ಓಡಿ ಬಂದರು. ಆ ಪುಣ್ಯಾತ್ಮನ ಹೆಸರು ಕೇಳಲೂ ಆಗಲಿಲ್ಲ. ಆಸ್ಪತ್ರೆ, ಎಕ್ಸ್‌ರೇ, ಆರು ವಾರ ಸ್ಲಿಂಗ್.

ಅಪ್ಪನ ಗಾಡಿಯನ್ನು ಹಿಂದೆ ನೋಡಿಕೊಳ್ಳುತ್ತಿದ್ದ ಹಳೇ ಮೆಕ್ಯಾನಿಕ್ ಒಬ್ಬರು ಗುಬ್ಬಿಯಲ್ಲಿದ್ದಾರೆ. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಅವರ ಹತ್ತಿರ ಹೋದೆ. ಅವರು ಇಂಜಿನ್ ಮುಟ್ಟಲೇ ಇಲ್ಲ. ಮೊದಲು ಟ್ಯಾಂಕಿನ ತಳದ ಪೆಟ್ರೋಲ್ ಕಾಕ್ ಬಿಚ್ಚಿ ಅಂಗೈ ಮೇಲೆ ತಟ್ಟಿದರು. ತೆಳ್ಳನೆಯ ಚಕ್ಕೆಗಳು ಬಿದ್ದವು. ಒಂದು ಮುಖ ಹಳದಿ, ಹೊಳಪು. ಇನ್ನೊಂದು ಮುಖಕ್ಕೆ ಕೆಂಪು ತುಕ್ಕು ಅಂಟಿಕೊಂಡಿತ್ತು. ಬೆರಳಲ್ಲಿ ಮಡಿಸಿದರೆ ಮುರಿಯಲಿಲ್ಲ, ಕಾದ ಹಾಲಿನ ಕೆನೆಯ ಹಾಗೆ ಬಾಗಿತು. ಕಾರ್ಬೋರೇಟರ್ ತಳದಲ್ಲಿ ಅದರದೇ ಪುಡಿ. ಇಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಮೇನ್ ಜೆಟ್ ಅನ್ನು ಬೆಳಕಿಗೆ ಹಿಡಿದು ನನಗೆ ಕೊಟ್ಟರು. ಸೂಜಿ ಮೊನೆಯಷ್ಟೂ ಬೆಳಕು ಬರಲಿಲ್ಲ.

"ಮೇಷ್ಟ್ರು ಗಾಡಿಗೆ ಅನ್ನ ನೀರು ಎರಡೂ ಒಂದೇ ಬಾಯಲ್ಲಿ ಹೋಗೋದು ಕಣಪ್ಪ" ಅಂದರು.

ವಿಷಯ ಇರುವುದೇ ಅಲ್ಲಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಜೆಟ್ ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ, ನಿಲ್ಲುತ್ತದೆ. ಆಯಿಲ್ ಬೇರೆ ಇರುತ್ತದೆ. ಯೆಜ್ಡಿ ಟೂ ಸ್ಟ್ರೋಕ್. ನಾನು ಲೀಟರಿಗೆ 40 ಮಿಲಿ ಆಯಿಲನ್ನು ಪೆಟ್ರೋಲಿಗೇ ಕಲಸಿ ಹಾಕುತ್ತಿದ್ದೆ. ಜೆಟ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಹೋಗುವ ಆಯಿಲೂ ಅಷ್ಟೇ ಕಡಿಮೆ. ಒಂದು ಕಡೆ ಬಿಸಿ ಏರುತ್ತೆ, ಇನ್ನೊಂದು ಕಡೆ ಜಾರಲು ಜಿಡ್ಡಿಲ್ಲ. ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಬೋರಿಗೆ ಕಚ್ಚಿಕೊಳ್ಳುತ್ತದೆ. ನನ್ನ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಪೂರ್ತಿ ಕೆತ್ತಿಹೋಗಿತ್ತು, ಅದರ ಲೋಹ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. (ಇದೇ ಕಾರಣಕ್ಕೆ ದೇವರಾಯನದುರ್ಗದಿಂದ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಗೇರಲ್ಲೇ ಬಿಡಬೇಡಿ. ಆಗಾಗ ಸ್ವಲ್ಪ ತಿರುಗಿಸಿ ಆಯಿಲ್ ಕೊಡುತ್ತಾ ಇಳಿಯಿರಿ.)

ಕೋಟಿಂಗ್ ಯಾಕೆ ಎದ್ದಿತು? ಪೇಂಟ್ ಮಾಡಿದವರನ್ನು ಹೋಗಿ ಕೇಳಿದೆ. ಫೈಬರ್ ಮಡ್‌ಗಾರ್ಡ್ ರಿಪೇರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅದು. ಮೊದಲನೆಯದಾಗಿ, ಪುಡಿ ತುಕ್ಕಿನ ಮೇಲೆ ಏನು ಹಾಕಿದರೂ ಅದು ತಗಡಿಗೆ ಹಿಡಿಯಲ್ಲ, ತುಕ್ಕಿಗೆ ಹಿಡಿಯುತ್ತೆ. ಎರಡನೆಯದು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ 20% ಎಥನಾಲ್. ಎಥನಾಲ್ ಈ ರೆಸಿನ್ನನ್ನು ಮೆತ್ತಗೆ ಮಾಡುತ್ತದೆ. ಗಾಳಿಯಿಂದ ನೀರನ್ನೂ ಎಳೆದುಕೊಳ್ಳುತ್ತದೆ. ಹಳೇ ರಬ್ಬರ್ ಪೈಪು, ಸೀಲುಗಳನ್ನೂ ಉಬ್ಬಿಸುತ್ತದೆ. ಅಪ್ಪ ಗಾಡಿ ಓಡಿಸಿದ ಕಾಲದ ಪೆಟ್ರೋಲ್ ಇದಲ್ಲ.

ಆ ಕೋಟಿಂಗ್ ಕಿತ್ತು ತೆಗೆಯಲು ನನಗೆ ಎರಡು ತಿಂಗಳು ಹಿಡಿಯಿತು. ಪೇಂಟ್ ರಿಮೂವರ್ ಸುರಿದು, ನೆನೆಸಿ, ಕೆರೆದು, ಮತ್ತೆ ಸುರಿದು. ಅದು ಮುಚ್ಚಳದ ಬಾಯಿಂದ ಚೆಲ್ಲಿ ಚೆರ್ರಿ ಕೆಂಪು ಬಣ್ಣ ಅಂಗೈ ಅಗಲ ಎದ್ದುಹೋಯಿತು. ಯಾವ ಬಣ್ಣ ಉಳಿಸಲು ಇಷ್ಟೆಲ್ಲ ಮಾಡಿದ್ದೆನೋ ಅದೂ ಉಳಿಯಲಿಲ್ಲ.

ಹಾಗಾಗಿ ಬಣ್ಣಕ್ಕೆ ಮುಂಚೆ ಒಳಗಿನ ಕೆಲಸ ಮುಗಿಸಿ. ಪೆಟ್ರೋಲ್ ಖಾಲಿ ಮಾಡಿ ಬಯಲಲ್ಲಿ ಸೋಪಿನ ನೀರು ಹಾಕಿ ನಾಲ್ಕೈದು ಸಲ ತೊಳೆಯಿರಿ. ಮನೆಯೊಳಗೆ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೇವರ ಮನೆಯ ದೀಪದವರೆಗೂ ಹೋಗುತ್ತದೆ. ಸಣ್ಣ ನಟ್ಟುಗಳನ್ನು ಎಣಿಸಿ ಟ್ಯಾಂಕಿಗೆ ಹಾಕಿ ಅಲ್ಲಾಡಿಸಿ, ತೆಗೆಯುವಾಗ ಮತ್ತೆ ಎಣಿಸಿ. ನಾನು ಆಮೇಲೆ ಬಿಳಿ ವಿನೆಗರ್ ತುಂಬಿ ಐದು ದಿನ ಬಿಟ್ಟೆ. ನಿಧಾನ, ಆದರೆ ತಗಡು ತಿನ್ನುವುದು ಕಡಿಮೆ. ಟಾಯ್ಲೆಟ್ ಆಸಿಡ್ ಹಾಕಬೇಡಿ. ಅದು ತುಕ್ಕಿನ ಜೊತೆ ಹಳೇ ತೆಳು ತಗಡನ್ನೂ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ, ಹೊಗೆ ಎದೆಗೆ ಹೋಗುತ್ತದೆ. ವಿನೆಗರ್ ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರು, ಆಮೇಲೆ ಬರೀ ನೀರು, ತಕ್ಷಣ ಒಣಗಿಸಿ. ಬರಿ ತಗಡು ನೋಡುತ್ತಿದ್ದ ಹಾಗೇ ಮತ್ತೆ ಕೆಂಪಾಗುತ್ತದೆ. ಒಣಗಿದ ಕೂಡಲೇ ಟೂ ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ ಎಲ್ಲ ಕಡೆ ತಿರುಗಿಸಿ.

ತುಕ್ಕು ಹೋದ ಮೇಲೆ ಸಣ್ಣ ತೂತು ಕಾಣಿಸಬಹುದು. ಟ್ಯಾಂಕ್ ಖಾಲಿ ಇದೆ ಅಂತ ನೇರ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು ಜಾಸ್ತಿ. ಟ್ಯಾಂಕ್ ಕೆಲಸವನ್ನೇ ಮಾಡುವ, ಪೂರ್ತಿ ತೊಳೆದು ಆವಿ ತೆಗೆದ ಮೇಲಷ್ಟೇ ಬೆಂಕಿ ತಾಗಿಸುವ ಕೈಗೇ ಕೊಡಿ.

ಕೋಟಿಂಗ್ ಹೊಡೆಸಲೇಬೇಕಾದರೆ ಮೊದಲು ಒಂದು ತಗಡಿನ ಚೂರಿಗೆ ಹೊಡೆಸಿಕೊಳ್ಳಿ. ಬಂಕಿನ ಪೆಟ್ರೋಲಿರುವ ಗಾಜಿನ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಬೆಂಕಿ ಬಿಸಿಲಿನಿಂದ ದೂರ ಎರಡು ವಾರ ಇಡಿ. ನನ್ನ ರೆಸಿನ್ನಿನ ಚೂರನ್ನು ನಾನು ಹಾಗೆ ಇಟ್ಟಿದ್ದೆ. ಒಂಬತ್ತನೇ ದಿನ ಉಗುರು ತಾಗಿಸಿದರೆ ಗುಳಿ ಬಿತ್ತು.

ಈಗ ಗಾಡಿ ಮತ್ತೆ ಓಡುತ್ತಿದೆ, ಓವರ್‌ಸೈಜ್ ಪಿಸ್ಟನ್ ಹಾಕಿ. ಪೈಪಿಗೆ ಪಾರದರ್ಶಕ ಫಿಲ್ಟರ್ ಕೂರಿಸಿದ್ದೇನೆ. ಹೊರಡುವ ಮುಂಚೆ ಕಾಕ್‌ನಿಂದ ಒಂದು ಸಣ್ಣ ಬಾಟಲಿಗೆ ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ. ಕಳೆದ ಭಾನುವಾರ ತಳದಲ್ಲಿ ಎರಡು ಕೆಂಪು ಚುಕ್ಕೆ ಕಂಡವು. ಗಾಡಿ ಒಳಗೆ ತಳ್ಳಿ, ಕಾರ್ಬೋರೇಟರ್ ಬಿಚ್ಚಿಕೊಂಡು ಕೂತೆ. ಹೆಂಡತಿ ಇನ್ನೂ ಹಿಂದೆ ಹತ್ತಿಲ್ಲ. ನಾನೂ ಕರೆದಿಲ್ಲ.